ಮೇಯರ್‌ನ ಜನಾನೇ ಆರಿಸ್ಬೇಕಾ? ಬೆಂಗಳೂರಲ್ಲಿ ಇನ್ನೂ ಬಗೆಹರೀದ ಪ್ರಶ್ನೆಯ ಹಿಂದಿನ ಕಥೆ

2015ರ ಆಗಸ್ಟಲ್ಲಿ ಬಿಬಿಎಂಪಿ ಎಲೆಕ್ಷನ್ ಆಯ್ತಲ್ಲ, ಅದರ ಲೆಕ್ಕ ಒಂದ್ಸಲ ನೆನಪು ಮಾಡ್ಕೊಳ್ಳಿ. ಒಟ್ಟು 198 ವಾರ್ಡು, ಬಿಜೆಪಿಗೆ 100, ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14, ಉಳಿದ 8 ಪಕ್ಷೇತರರು. 198ರಲ್ಲಿ 100 ಅಂದ್ರೆ ಬಹುಮತ ತಾನೇ? ಆದ್ರೆ ಸೆಪ್ಟೆಂಬರಲ್ಲಿ ಮೇಯರ್ ಆಗಿದ್ದು ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ, ಯಾಕಂದ್ರೆ ಮೇಯರ್ ಆರಿಸೋದಕ್ಕೆ ಬರೀ ಕಾರ್ಪೊರೇಟರ್‌ಗಳು ವೋಟ್ ಹಾಕ್ತಿರ್ಲಿಲ್ಲ, ನಗರದ ಎಂಎಲ್‌ಎ, ಎಂಎಲ್‌ಸಿ, ಎಂಪಿಗಳು, ರಾಜ್ಯಸಭಾ ಸದಸ್ಯರು ಹೀಗೆ ಇನ್ನೂ ಅರವತ್ತರ ಹತ್ತಿರ ಜನ ಬಂದು ಕೂರ್ತಿದ್ರು. ಕಾಂಗ್ರೆಸ್, ಜೆಡಿಎಸ್, ಪಕ್ಷೇತರರು ಕೈ ಜೋಡಿಸಿದ್ರು, ಗದ್ದುಗೆ ಆ ಕಡೆ ಹೋಯ್ತು. ಆಮೇಲೆ 2019ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯ್ತು, ಅದೇ ವರ್ಷ ಅಕ್ಟೋಬರಲ್ಲಿ ಬಿಜೆಪಿಯ ಗೌತಮ್ ಕುಮಾರ್ ಮೇಯರ್ ಆದ್ರು. 2015ರಲ್ಲಿ ಜನ ಆರಿಸಿ ಕಳಿಸಿದ ಅದೇ ಕೌನ್ಸಿಲ್ಲು, ಮಧ್ಯದಲ್ಲಿ ನಗರದ ಜನರನ್ನ ಯಾರೂ ಏನೂ ಕೇಳಿಲ್ಲ, ಆದ್ರೂ ಮೇಯರ್ ಪಕ್ಷ ಬದಲಾಯ್ತು.

ಎರಡು ಸಲಾನೂ ಕಾನೂನು ಪ್ರಕಾರವೇ ನಡೆದಿದ್ದು, ಯಾವ ಪಕ್ಷ ಸರಿ ಯಾವುದು ತಪ್ಪು ಅನ್ನೋದಕ್ಕೆ ನಾನು ಬರೀತಿಲ್ಲ. ನನ್ನ ಬೇಜಾರು ಬೇರೆ. ಆ ಚುನಾವಣೇಲಿ ನಾನೂ ಕ್ಯೂ ನಿಂತು ವೋಟ್ ಹಾಕಿ ಬಂದೆ, ಆದ್ರೆ ನನ್ನೂರಿನ ಮೇಯರ್ ಯಾರಾಗ್ಬೇಕು ಅನ್ನೋದರಲ್ಲಿ ನನ್ನ ಮಾತು ಎಲ್ಲಿತ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಜನ ಆರಿಸಿದೋರಿಗೆ ಬರೀ ಕುರ್ಚಿ, ಅಧಿಕಾರ ಮಾತ್ರ ಅಧಿಕಾರಿಗೆ ಅನ್ನೋ ಈ ಪದ್ಧತಿ ಎಲ್ಲಿಂದ ಶುರುವಾಯ್ತು ಅಂತ ಹುಡುಕ್ತಾ ಹೋದ್ರೆ ಬಾಂಬೆಗೆ ಹೋಗಿ ನಿಲ್ತೀವಿ. 1865ರಲ್ಲಿ ಬ್ರಿಟಿಷರು ಅಲ್ಲಿ ಮುನಿಸಿಪಲ್ ಕಮಿಷನರ್ ಅಂತ ಒಂದು ಹುದ್ದೆ ಮಾಡಿ ಆರ್ಥರ್ ಕ್ರಾಫರ್ಡ್ ಅನ್ನೋರನ್ನ ಕೂರಿಸಿದ್ರು, ಕೆಲ್ಸ ಮಾಡಿಸೋ ಅಧಿಕಾರ ಪೂರ್ತಿ ಆ ಒಬ್ಬ ಅಧಿಕಾರಿ ಕೈಲಿ. ಆತ ಕೆಲ್ಸಾನೂ ಮಾಡ್ದ, ದುಡ್ಡೂ ಸಿಕ್ಕಾಪಟ್ಟೆ ಖರ್ಚು ಮಾಡ್ದ, ಜನ ಗಲಾಟೆ ಎಬ್ಬಿಸಿದ್ರು, ಅದರಿಂದ ಆರಿಸಿ ಬಂದ ಸದಸ್ಯರ ಸಭೆ ಬಂತು. ಆದ್ರೆ 1888ರ ಬಾಂಬೆ ಮುನಿಸಿಪಲ್ ಕಾಯ್ದೆ ಬಂದಾಗ್ಲೂ ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸೋ ಕಮಿಷನರ್ ಹತ್ರಾನೇ ಉಳೀತು, ಆರಿಸಿ ಬಂದೋರಿಗೆ ಚರ್ಚೆ ಮಾಡೋದು, ಬಜೆಟ್ ಪಾಸ್ ಮಾಡೋದು ಅಷ್ಟೇ. ಸ್ವಾತಂತ್ರ್ಯ ಬಂದ್ಮೇಲೂ ದೇಶದ ಬಹುತೇಕ ಪಾಲಿಕೆಗಳು ಇದೇ ಅಚ್ಚಲ್ಲಿ ಎರಕ ಹೊಯ್ದವು.

ಬೆಂಗಳೂರಿಗೆ ಎರಡು ಮುನಿಸಿಪಾಲಿಟಿ ಇತ್ತು, ಪೇಟೆಗೊಂದು, ದಂಡಿಗೆ ಅಂದ್ರೆ ಕಂಟೋನ್ಮೆಂಟಿಗೆ ಇನ್ನೊಂದು, ಎರಡೂ 1862ರಿಂದ ಶುರುವಾಗಿದ್ದು. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದ್ರು, ಮೇಯರ್ ಅನ್ನೋ ಹುದ್ದೆ ನಮಗೆ ಬಂದಿದ್ದೇ ಆಗ. ಆದ್ರೆ ಹುದ್ದೆ ಜೊತೆ ಅಧಿಕಾರ ಬರ್ಲಿಲ್ಲ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೇಲೂ ಕಮಿಷನರ್ರೇ ಕಾರ್ಯಾಂಗ, ಮೇಯರ್‌ಗೆ ಒಂದೇ ವರ್ಷದ ಅವಧಿ, ಅದೂ ಮೀಸಲಾತಿ ಸರದಿ ಪ್ರಕಾರ ವರ್ಷ ವರ್ಷ ಬದಲಾಗ್ತಾ ಹೋಗೋದು. 2010ರಿಂದ 2020ರ ತನಕ ಹತ್ತು ವರ್ಷದಲ್ಲಿ ಬೆಂಗಳೂರು ಹತ್ತು ಮೇಯರ್ ನೋಡಿದೆ. ಎಸ್.ಕೆ. ನಟರಾಜ್‌ರಿಂದ ಹಿಡಿದು ಗೌತಮ್ ಕುಮಾರ್ ತನಕ ಹತ್ತೂ ಜನದ ಹೆಸರು ನಿಮಗೆ ನೆನಪಿದ್ಯಾ? ಅದು ಅವರ ತಪ್ಪಲ್ಲ. ಮೊದಲ ಮೂರು ತಿಂಗಳು ಹಾರ ತುರಾಯಿ, ಕೊನೇ ಮೂರು ತಿಂಗಳು ಮುಂದಿನ ಮೇಯರ್ ಯಾರು ಅನ್ನೋ ಲಾಬಿ, ಮಧ್ಯದ ಆರು ತಿಂಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನ ಇರೋ ಊರನ್ನ ಯಾರು ತಾನೇ ಏನು ಮಾಡಕ್ಕಾಗತ್ತೆ.

ಮೇಲಾಗಿ ಊರಿನ ಮುಖ್ಯ ಕೆಲಸಗಳೇ ಮೇಯರ್ ಕೈಲಿಲ್ಲ. ಕುಡಿಯೋ ನೀರು, ಒಳಚರಂಡಿ 1964ರಲ್ಲಿ ಹುಟ್ಟಿದ ಜಲಮಂಡಳಿಗೆ ಹೋಯ್ತು, ಲೇಔಟು 1976ರ ಬಿಡಿಎಗೆ, ಬಸ್ಸು ಬಿಎಂಟಿಸಿಗೆ, ಕರೆಂಟು ಬೆಸ್ಕಾಂಗೆ, ಮೆಟ್ರೋಗೆ ಬೇರೆ ಕಂಪನಿ, ಟ್ರಾಫಿಕ್ಕು ಪೊಲೀಸರಿಗೆ. ಇವೆಲ್ಲಾ ಉತ್ತರ ಕೊಡೋದು ಬಹುತೇಕ ವಿಧಾನಸೌಧಕ್ಕೆ, ಮೇಯರ್‌ಗಲ್ಲ. ನಮ್ಮ ಬೀದೀಲಿ ಒಂದ್ಸಲ ಡಾಂಬರು ಹಾಕಿ ಇನ್ನೂ ವಾಸನೆ ಹೋಗಿರ್ಲಿಲ್ಲ, ಇನ್ಯಾರೋ ಬಂದು ಅಗೆದು ಹಾಕಿದ್ರು, ಮಳೆಗಾಲ ಪೂರ್ತಿ ಕೆಸರಲ್ಲೇ ಮಕ್ಕಳನ್ನ ಸ್ಕೂಲಿಗೆ ಕರ್ಕೊಂಡು ಹೋದ್ವಿ, ಯಾರನ್ನ ಕೇಳಿದ್ರೂ ಅದು ನಮ್ದಲ್ಲ ಅವರದ್ದು ಅನ್ನೋ ಉತ್ತರ. ಇದಕ್ಕೆ ಒಬ್ಬರು ಹೊಣೆ ಅಂತ ಇರ್ಬೇಕಲ್ವಾ, ಅವರನ್ನ ನಾವೇ ಆರಿಸಿ ನಾವೇ ಮನೆಗೆ ಕಳಿಸೋ ಹಾಗಿರ್ಬೇಕಲ್ವಾ ಅಂತ ನಂಗೆ ಅನ್ಸಿದ್ದು ಆಗ್ಲೇ.

ಸಂವಿಧಾನದಲ್ಲಿ ಇದಕ್ಕೆ ದಾರಿ ಮಾಡೋ ಅವಕಾಶ ಬಂದಿತ್ತು. ರಾಜೀವ್ ಗಾಂಧಿ ಕಾಲದ ನಗರಪಾಲಿಕಾ ಮಸೂದೆ 1989ರಲ್ಲಿ ರಾಜ್ಯಸಭೇಲಿ ಬಿದ್ದೋಯ್ತು, ಆಮೇಲೆ 1992ರ ಕೊನೇಲಿ 74ನೇ ತಿದ್ದುಪಡಿ ಪಾಸಾಗಿ 1993ರ ಜೂನ್ 1ಕ್ಕೆ ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಾತಿ, ವಾರ್ಡ್ ಸಮಿತಿ ಇವೆಲ್ಲಾ ಬಂತು. ಆದ್ರೆ ಪಾಲಿಕೆ ಮುಖ್ಯಸ್ಥರನ್ನ ಹೇಗೆ ಆರಿಸ್ಬೇಕು ಅನ್ನೋದನ್ನ ಮಾತ್ರ 243 ಆರ್ ವಿಧೀಲಿ ರಾಜ್ಯಗಳಿಗೆ ಬಿಟ್ಟುಬಿಟ್ರು. ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಆಮೇಲಿನ ಮೂವತ್ತು ವರ್ಷದ ಕಥೆ ಪೂರ್ತಿ ಅದೇ.

ನಮ್ಮ ರಾಜ್ಯದ ವಿಷಯದಲ್ಲಿ ಇದು ಇನ್ನೂ ಚುಚ್ಚತ್ತೆ, ಯಾಕಂದ್ರೆ ಹಳ್ಳಿ ಕಡೆ ಅಧಿಕಾರ ಬಿಟ್ಟುಕೊಡೋದನ್ನ ದೇಶಕ್ಕೇ ತೋರಿಸಿದ್ದು ನಾವು. ಆಗ ಪಂಚಾಯತ್ ರಾಜ್ ಮಂತ್ರಿ ಆಗಿದ್ದ ನಜೀರ್ ಸಾಬ್ ತಂದ 1983ರ ಕಾಯ್ದೇಲಿ ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು, ಐಎಎಸ್ ಅಧಿಕಾರಿ ಅವರ ಕೈಕೆಳಗೆ ಕೆಲ್ಸ ಮಾಡ್ತಿದ್ರು. ಹಳ್ಳಿಗೆ ಅಷ್ಟು ಧೈರ್ಯ ತೋರಿಸಿದ ರಾಜ್ಯ ರಾಜಧಾನಿ ವಿಷಯಕ್ಕೆ ಬಂದಾಗ ಮುಷ್ಟಿ ಬಿಗಿ ಹಿಡ್ಕೊಂಡ್ತು.

ಪಕ್ಕದ ರಾಜ್ಯ ನೋಡಿ. ತಮಿಳುನಾಡಲ್ಲಿ 1996ರಲ್ಲಿ ನೇರ ಚುನಾವಣೆ ಆಯ್ತು, ಎಂ.ಕೆ. ಸ್ಟಾಲಿನ್ ಚೆನ್ನೈನ ಮೊದಲ ನೇರ ಆಯ್ಕೆಯ ಮೇಯರ್. 2001ರಲ್ಲಿ ರಾಜ್ಯದಲ್ಲಿ ಎಐಎಡಿಎಂಕೆ ಸರ್ಕಾರ ಬಂದಿದ್ರೂ ಚೆನ್ನೈ ಜನ ಮತ್ತೆ ಅವರನ್ನೇ ಗೆಲ್ಲಿಸಿದ್ರು. ಮರುವರ್ಷವೇ ಒಬ್ಬರು ಎರಡು ಹುದ್ದೇಲಿ ಇರೋ ಹಾಗಿಲ್ಲ ಅಂತ ಕಾನೂನು ಬಂತು, ಎಂಎಲ್‌ಎ ಕೂಡ ಆಗಿದ್ದ ಸ್ಟಾಲಿನ್ ಮೇಯರ್ ಕುರ್ಚಿ ಬಿಡ್ಬೇಕಾಯ್ತು. 2006ರಲ್ಲಿ ಅಧಿಕಾರಕ್ಕೆ ಬಂದ ಡಿಎಂಕೆನೇ ನೇರ ಚುನಾವಣೆ ಕೈಬಿಟ್ಟು ಕೌನ್ಸಿಲರ್‌ಗಳೇ ಆರಿಸ್ಲಿ ಅಂತು, 2011ರಲ್ಲಿ ಮತ್ತೆ ನೇರ ಚುನಾವಣೆ ಬಂತು, ಆಮೇಲೆ 2019ರಲ್ಲಿ ಸುಗ್ರೀವಾಜ್ಞೆ ತಂದು ಮತ್ತೆ ತೆಗೆದ್ರು, ಹಾಗಾಗಿ 2022ರಲ್ಲಿ ಆರ್. ಪ್ರಿಯಾ ಚೆನ್ನೈ ಮೇಯರ್ ಆಗಿದ್ದು ಕೌನ್ಸಿಲರ್‌ಗಳ ಆಯ್ಕೆಯಿಂದ. ಈ ಮೇಯರ್ ಕುರ್ಚೀಲಿ ಕೂತಿದ್ದ ಸ್ಟಾಲಿನ್ 2021ರಲ್ಲಿ ಮುಖ್ಯಮಂತ್ರಿ ಆದ್ರು ಅನ್ನೋದನ್ನೂ ಮರೀಬೇಡಿ. ಇಡೀ ರಾಜಧಾನಿಯ ವೋಟು ತಗೊಂಡು ಗೆದ್ದ ಮೇಯರ್ ಅಂದ್ರೆ ಯಾವ ಎಂಎಲ್‌ಎ, ಯಾವ ಮಂತ್ರಿಗಿಂತಲೂ ದೊಡ್ಡ ಜನಾದೇಶ ಇರೋ ಮನುಷ್ಯ, ಬೆಂಗಳೂರಲ್ಲಾದ್ರೆ 28 ವಿಧಾನಸಭಾ ಕ್ಷೇತ್ರದ ಜನ ಒಟ್ಟಿಗೆ ಹಾಕಿದ ವೋಟು. ಮುಖ್ಯಮಂತ್ರಿ ಕೂಡ ಗೆದ್ದು ಬರೋದು ಒಂದು ಕ್ಷೇತ್ರದಿಂದ. ನೇರ ಚುನಾವಣೆ ಅಂದ ಕೂಡ್ಲೆ ಎಲ್ಲಾ ಪಕ್ಷದ ದೊಡ್ಡೋರೂ ಸುಮ್ನಾಗೋದು ಇದಕ್ಕೇ ಅಂತ ನನ್ನ ಅನಿಸಿಕೆ.

ಮಧ್ಯಪ್ರದೇಶದ ಕಥೇನೂ ಹೀಗೇ. ಅಲ್ಲಿ ನೇರ ಚುನಾವಣೆ ಬಂದ ಹೊಸದರಲ್ಲೇ ಕಟ್ನಿ ಊರಿನ ಜನ ಕಮಲಾ ಜಾನ್ ಅನ್ನೋ ತೃತೀಯಲಿಂಗಿಯನ್ನ ಮೇಯರ್ ಮಾಡಿ ಕಳಿಸಿದ್ರು. ಸೀಟು ಮಹಿಳೆಯರಿಗೆ ಮೀಸಲು ಅಂತ ಕೋರ್ಟು ಆಮೇಲೆ ಆ ಆಯ್ಕೆ ರದ್ದು ಮಾಡ್ತು, ಅದು ಬೇರೆ ಮಾತು, ಆದ್ರೆ ಪಕ್ಷಗಳ ಹೈಕಮಾಂಡು ಕೂತು ತೀರ್ಮಾನ ಮಾಡಿದ್ರೆ ಅಂಥೋರು ಮೇಯರ್ ಆಗೋದು ಕನಸಲ್ಲೂ ಸಾಧ್ಯ ಇರ್ಲಿಲ್ಲ. ಅಲ್ಲಿ ಪುರಸಭೆ ಅಧ್ಯಕ್ಷರನ್ನ ಮಧ್ಯದಲ್ಲೇ ವಾಪಸ್ ಕರೆಸೋ ವೋಟೂ ಇತ್ತು, ಬ್ಯಾಲೆಟ್ ಮೇಲೆ ಒಂದು ಖಾಲಿ ಕುರ್ಚಿ ಚಿತ್ರ, ಇನ್ನೊಂದು ಜನ ಕೂತಿರೋ ಕುರ್ಚಿ ಚಿತ್ರ, ಬೇಡ ಅನ್ನೋರು ಖಾಲಿ ಕುರ್ಚಿಗೆ ಒತ್ತಿದ್ರೆ ಆಯ್ತು, ಓದು ಬರಹ ಬರದೋರಿಗೂ ಥಟ್ ಅಂತ ಅರ್ಥ ಆಗೋ ಹಾಗೆ. 2019ರಲ್ಲಿ ಕಮಲ್ ನಾಥ್ ಸರ್ಕಾರ ಮೇಯರ್ ನೇರ ಚುನಾವಣೆ ತೆಗೀತು, ಆ ಸರ್ಕಾರ ಬಿತ್ತು, 2022ರಲ್ಲಿ ಬಿಜೆಪಿ ಸರ್ಕಾರ ವಾಪಸ್ ತಂತು, ಅದೂ ಪಾಲಿಕೆ ಮೇಯರ್‌ಗಳಿಗೆ ಮಾತ್ರ, ನಗರಸಭೆ ಅಧ್ಯಕ್ಷರನ್ನ ಸದಸ್ಯರೇ ಆರಿಸ್ಬೇಕು. ಆ ಸಲ 16 ಪಾಲಿಕೇಲಿ ಬಿಜೆಪಿ 9, ಕಾಂಗ್ರೆಸ್ 5 ಗೆದ್ರೆ ಸಿಂಗ್ರೌಲೀಲಿ ಆಮ್ ಆದ್ಮಿ, ಕಟ್ನೀಲಿ ಪಕ್ಷೇತರ ಅಭ್ಯರ್ಥಿ ಗೆದ್ರು. ಛತ್ತೀಸ್‌ಗಢದಲ್ಲೂ ಇದೇ ಆಟ, 2019ರಲ್ಲಿ ಕಾಂಗ್ರೆಸ್ ಸರ್ಕಾರ ತೆಗೀತು, 2025ಕ್ಕೆ ಬಿಜೆಪಿ ಸರ್ಕಾರ ವಾಪಸ್ ತಂತು. ರೂಲು ಬದಲಾಗೋದು ಯಾವಾಗ್ಲೂ ಎಲೆಕ್ಷನ್ ಹತ್ರ ಬಂದಾಗ್ಲೇ.

ಹಾಗಂತ ನೇರ ಚುನಾವಣೆ ಆದ ಕೂಡ್ಲೆ ಎಲ್ಲಾ ಸರಿ ಹೋಗತ್ತೆ ಅಂದ್ಕೊಂಡ್ರೆ ಜೈಪುರ, ಶಿಮ್ಲಾ ನೋಡ್ಬೇಕು. 2009ರಲ್ಲಿ ಜೈಪುರದ ಜನ ಕಾಂಗ್ರೆಸ್‌ನ ಜ್ಯೋತಿ ಖಂಡೇಲ್ವಾಲ್‌ರನ್ನ ನೇರವಾಗಿ ಮೇಯರ್ ಮಾಡಿದ್ರು, ಆದ್ರೆ ಅದೇ ಚುನಾವಣೇಲಿ ಕೌನ್ಸಿಲ್ ಬಹುಮತ ಬಿಜೆಪಿಗೆ ಕೊಟ್ರು. ಐದು ವರ್ಷ ಮೇಯರ್ ಒಂದು ಕಡೆ, ಬೋರ್ಡು ಇನ್ನೊಂದು ಕಡೆ. ಮುಂದಿನ ಸಲಕ್ಕೆ ರಾಜಸ್ಥಾನ ಹಳೇ ಪದ್ಧತಿಗೇ ಹೋಯ್ತು. ಶಿಮ್ಲಾದಲ್ಲಿ 2012ರಲ್ಲಿ ಸಿಪಿಎಂನ ಸಂಜಯ್ ಚೌಹಾಣ್ ಮೇಯರ್, ಅದೇ ಪಕ್ಷದ ಟಿಕೇಂದರ್ ಪನ್ವಾರ್ ಉಪ ಮೇಯರ್, ಇಬ್ಬರೂ ಜನರ ನೇರ ವೋಟಿಂದ ಬಂದೋರು, ಆದ್ರೆ 25 ವಾರ್ಡಲ್ಲಿ ಅವರ ಪಕ್ಷ ಗೆದ್ದಿದ್ದು ಮೂರೇ ಮೂರು. ಊರು ನಂಬಿ ಕೂರಿಸ್ತು, ಸಭೇಲಿ ಕೈ ಎತ್ತೋರಿಲ್ಲ. ಹಿಮಾಚಲಾನೂ ಮುಂದಿನ ಚುನಾವಣೆಗೆ ಮುಂಚೆ ನೇರ ಆಯ್ಕೆ ತೆಗೆದುಹಾಕ್ತು. ವಿರೋಧ ಮಾಡೋರು ಇದನ್ನೇ ತೋರಿಸ್ತಾರೆ, ಅದರಲ್ಲಿ ಹುರುಳೂ ಇದೆ. ದುಡ್ಡಿನ ಮಾತೂ ಅಷ್ಟೇ ನಿಜ, ಇಡೀ ಬೆಂಗಳೂರಲ್ಲಿ ಪ್ರಚಾರ ಮಾಡ್ಬೇಕು ಅಂದ್ರೆ ಸಾಮಾನ್ಯದೋರಿಗೆ ಆಗೋ ಕೆಲ್ಸವಲ್ಲ.

ಹೊರದೇಶದಲ್ಲೂ ಎಲ್ಲರೂ ಒಪ್ಪಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಜನ 2012ರಲ್ಲಿ ನೇರ ಮೇಯರ್ ಬೇಕು ಅಂತ ವೋಟ್ ಹಾಕಿದ್ರು, ಹತ್ತು ವರ್ಷ ನೋಡಿ 2022ರಲ್ಲಿ ಬೇಡ ಅಂತ ವೋಟ್ ಹಾಕಿದ್ರು. ನನಗೆ ಅಲ್ಲಿ ಮೆಚ್ಚುಗೆ ಆಗಿದ್ದು ಒಂದೇ, ಎರಡು ಸಲಾನೂ ಕೇಳಿದ್ದು ಊರಿನ ಜನರನ್ನ.

ಜೈಪುರದಲ್ಲಿ ನಿಜವಾಗಿ ಕೈಕೊಟ್ಟಿದ್ದು ನೇರ ಚುನಾವಣೆ ಅಲ್ಲ ಅಂತ ನಾನು ಹೇಳೋದು. ಆರಿಸೋ ರೀತಿ ಬದಲಾಯಿಸಿದ್ರು, ಅಧಿಕಾರ ಬದಲಾಯಿಸ್ಲಿಲ್ಲ. ಕೈ ಕಟ್ಟಿ ಕೆರೆಗೆ ಬಿಟ್ಟು ಈಜು ಅಂದ್ರೆ ಯಾರು ಈಜ್ತಾರೆ? ಕೋಲ್ಕತ್ತಾದಲ್ಲಿ ತದ್ವಿರುದ್ಧ, 1980ರ ಕಾಯ್ದೆ ಪ್ರಕಾರ ಅಲ್ಲಿ ಮೇಯರ್ ಮತ್ತು ಅವರ ಕೌನ್ಸಿಲ್ಲು ಮಂತ್ರಿಮಂಡಲದ ಥರ ಕೆಲ್ಸ ಮಾಡ್ತಾರೆ, ಅಧಿಕಾರ ಇದೆ, ಆದ್ರೆ ಮೇಯರ್‌ನ ಆರಿಸೋದು ಕೌನ್ಸಿಲರ್‌ಗಳು. ನನಗೆ ಎರಡೂ ಬೇಕು. ಆದ್ರೆ ಒಂದು ಮೊದಲು ಸಿಗತ್ತೆ ಅಂದ್ರೆ ಕಮಿಷನರ್ ಹತ್ರ ಇರೋ ಅಧಿಕಾರ ಮೇಯರ್‌ಗೆ ಮೊದಲು ಬರ್ಲಿ, ಪೂರ್ತಿ ಐದು ವರ್ಷದ ಅವಧಿ ಬರ್ಲಿ, ಅದರ ಹಿಂದೆಯೇ ನೇರ ಚುನಾವಣೆ ಬರ್ಲಿ.

ಹೇಳಿದೋರು ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲೇ ಮೇಯರ್‌ನ ನೇರವಾಗಿ ಆರಿಸ್ಬೇಕು ಅಂತು. ಬೆಂಗಳೂರಿಗಾಗಿಯೇ ಮಾಡಿದ ಕಸ್ತೂರಿರಂಗನ್ ಸಮಿತಿ 2008ರಲ್ಲಿ ಅದನ್ನೇ ಹೇಳ್ತು, ಐದು ವರ್ಷದ ಅವಧಿ ಸಮೇತ. 2016ರಲ್ಲಿ ಶಶಿ ತರೂರ್ ಲೋಕಸಭೇಲಿ ಖಾಸಗಿ ಮಸೂದೆ ತಂದ್ರು, ಅದು ಕಾನೂನಾಗ್ಲಿಲ್ಲ. ನಮ್ಮಲ್ಲಿ 2020ರ ಬಿಬಿಎಂಪಿ ಕಾಯ್ದೆ ಬಂದಾಗ ಮೇಯರ್ ಅವಧಿ ಒಂದು ವರ್ಷದಿಂದ ಮೂವತ್ತು ತಿಂಗಳಾಯ್ತು ಅಷ್ಟೇ. ಅದನ್ನೂ ಅನುಭವಿಸೋಕೆ ಮೇಯರ್ರೇ ಇರ್ಲಿಲ್ಲ, 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗೀತು, ವಾರ್ಡ್ ಸಂಖ್ಯೆ, ಮೀಸಲಾತಿ, ಕೋರ್ಟು ಅಂತ ಎಳೀತಾ ಎಳೀತಾ ಚುನಾವಣೇನೇ ಆಗದೆ ಬಿಬಿಎಂಪಿನೇ ಮುಗಿದುಹೋಯ್ತು.

ಈಗ ಇರೋದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2025ರ ಮೇ 15ಕ್ಕೆ ಜಾರಿಗೆ ಬಂತು, ಸೆಪ್ಟೆಂಬರಲ್ಲಿ ಊರು ಐದು ಪಾಲಿಕೆ ಆಯ್ತು, ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಎಲ್ಲಾ ಸೇರಿ 369 ವಾರ್ಡು. ಐದೂ ಕಡೆ ಮೇಯರ್ ಇರ್ತಾರೆ, ಜನರ ನೇರ ವೋಟಿಂದ ಅಲ್ಲ, ಅವಧಿ ಅದೇ ಮೂವತ್ತು ತಿಂಗಳು. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ. ಅಂದ್ರೆ ಕಸ್ತೂರಿರಂಗನ್ ಸಮಿತಿ ಇಡೀ ಬೆಂಗಳೂರಿಗೆ ಒಬ್ಬ ಮೇಯರ್ ಅಂತ ಯೋಚಿಸಿದ್ದ ಆ ಕುರ್ಚಿ ಈಗ ಪಾಲಿಕೇಲಿ ಇಲ್ವೇ ಇಲ್ಲ, ಊರಿನ ಪೂರ್ತಿ ಪರವಾಗಿ ಕೂರೋದು ಬೇರೆ ಯಾವುದೋ ವಿಧಾನಸಭಾ ಕ್ಷೇತ್ರದಿಂದ ಗೆದ್ದು ಬಂದಿರಬಹುದಾದ ಮುಖ್ಯಮಂತ್ರಿ. ಮುಂದೆ ಯಾರಾದ್ರೂ ನೇರ ಚುನಾವಣೆ ಮಸೂದೆ ಬರೆಯೋಕೆ ಕೂತ್ರೆ ಮೊದಲು ಕೇಳ್ಕೋಬೇಕಾಗಿರೋದು ಇದನ್ನೇ: ಜನ ಆರಿಸ್ಬೇಕಾಗಿರೋದು ಆ ಐದು ಮೇಯರ್‌ಗಳನ್ನಾ, ಅಥವಾ ಪ್ರಾಧಿಕಾರದ ಆ ಒಂದು ಅಧ್ಯಕ್ಷ ಕುರ್ಚಿಯನ್ನಾ?