ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್: ಜೂನಿಯರ್ಸ್‌ಗೆ ನನ್ನ ನೋಟ್ಸ್

ಈ ಚಾಪ್ಟರ್‌ನಲ್ಲಿ ಸುಮಾರು ಜನ ಮಾಡೋ ತಪ್ಪು ಅಂದ್ರೆ ಸೈಕಾಲಜಿಸ್ಟ್ ಕೆಲ್ಸಾನೂ ಸೋಶಿಯಲ್ ವರ್ಕರ್ ಕೆಲ್ಸಾನೂ ಒಂದೇ ಅನ್ಕೊಂಡು ಎರಡಕ್ಕೂ "ಕೌನ್ಸೆಲಿಂಗ್" ಅಂತ ಬರ್ದು ಮುಗ್ಸೋದು. ಇಂಟರ್ನಲ್ಸ್‌ನಲ್ಲಿ ನಾನೂ ಹಂಗೇ ಬರ್ದು ಮಾರ್ಕ್ಸ್ ಕಳ್ಕೊಂಡಿದೀನಿ. ಅದಕ್ಕೇ ಡೆಫಿನಿಷನ್ ಆಮೇಲೆ ನೋಡೋಣ, ಮೊದ್ಲು ಒಂದು ಕೇಸ್ ಊಹಿಸ್ಕೊಳ್ಳಿ.

ತುಮಕೂರು ಕಡೆ ಒಂದು ಹಳ್ಳಿ ಹುಡ್ಗ, 24 ವರ್ಷ, ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಇದು ಮೂರನೇ ಅಡ್ಮಿಷನ್. ಪ್ರತಿ ಸಲಾನೂ ವಾರ್ಡಲ್ಲಿ ಮೂರ್ನಾಲ್ಕು ವಾರಕ್ಕೆ ಸುಧಾರಿಸ್ಕೋತಾನೆ, ಊರಿಗೆ ಹೋದ ಕೆಲವೇ ತಿಂಗಳಿಗೆ ಮತ್ತೆ ವಾಪಸ್. ಫೈಲಲ್ಲಿ ಏನಿರತ್ತೆ? "ಮಾತ್ರೆ ಸರಿಯಾಗಿ ತಗೊಂಡಿಲ್ಲ", ಅಷ್ಟೇ. ಸೋಶಿಯಲ್ ವರ್ಕರ್ ಕೆಲ್ಸ ಶುರುವಾಗೋದೇ ಈ ಒಂದು ಲೈನ್‌ನಿಂದ, ಯಾಕ್ ತಗೊಂಡಿಲ್ಲ? ತಾಯೀನ ಕೂರಿಸ್ಕೊಂಡು ಕೇಳಿದ್ರೆ ಒಂದೊಂದೇ ಹೊರಗ್ ಬರತ್ತೆ, ಮಾತ್ರೆ ಫ್ರೀ ಸಿಕ್ಕಿದ್ರೂ ಜಿಲ್ಲಾಸ್ಪತ್ರೆಗೆ ಎರಡು ಬಸ್ ಬದಲಾಯಿಸ್ಬೇಕು, ಆವತ್ತಿನ ಕೂಲಿ ಹೋಗತ್ತೆ, ಮಾತ್ರೆ ತಿಂದು ಹಗಲೆಲ್ಲ ಮಲಗ್ತಾನೆ ಅಂತ ಚಿಕ್ಕಪ್ಪ ಸೋಮಾರಿ ಅಂತಾನೆ, ಹುಷಾರಾದ ಅಂತ ಹುಡ್ಗಿ ನೋಡೋಕೆ ಶುರು ಮಾಡಿದಾರೆ, ಬೀಗರ ಕಡೆಯವ್ರು ಮಾತ್ರೆ ನೋಡ್ಬಿಟ್ರೆ ಅಂತ ಹೆದರಿ ನಿಲ್ಸಿದಾರೆ. ಇದ್ರಲ್ಲಿ ಯಾವ್ದಕ್ಕೂ ಡೋಸ್ ಜಾಸ್ತಿ ಮಾಡೋದು ಉತ್ತರ ಅಲ್ಲ. ನಿದ್ದೆ ವಿಷ್ಯ ಡಾಕ್ಟರ್‌ಗೆ ತಿಳಿಸ್ಬೇಕು, ಮನೆಯವ್ರಿಗೆ ಕಾಯಿಲೆ ಅಂದ್ರೇನು, ಮಾತ್ರೆ ಬಿಟ್ರೆ ಏನಾಗತ್ತೆ ಅಂತ ಹೇಳ್ಬೇಕು, ಫಾಲೋ-ಅಪ್‌ನ ಹತ್ರದ ತಾಲೂಕು ಆಸ್ಪತ್ರೆಗೆ ಹಾಕಿಸ್ಕೊಡ್ಬೇಕು (ನಮ್ ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಇದಕ್ಕೇ ಇರೋದು, ಮಂಗಳವಾರದ ದಿನ ಸೈಕಿಯಾಟ್ರಿಸ್ಟ್ ತಾಲೂಕಿಗೆ ಬರ್ತಾರೆ). ದೇವ್ರು, ಹರಕೆ ಅಂದ್ರೆ ಜಗಳಕ್ಕೆ ಹೋಗ್ಬೇಡಿ. "ದೇವ್ರಿಗೂ ಹೋಗಿಬನ್ನಿ ಅಮ್ಮ, ಮಾತ್ರೇನೂ ಬಿಡ್ಬೇಡಿ" ಅಂದ್ರೆ ಮುಂದಿನ ಸಲಾನೂ ಬರ್ತಾರೆ, ಬೈದ್ರೆ ಬರಲ್ಲ.

ಇಲ್ಲಿ ಬರೋ ಥಿಯರಿ ಎಕ್ಸ್‌ಪ್ರೆಸ್ಡ್ ಇಮೋಷನ್, ಅಂದ್ರೆ ಮನೆಯವ್ರು ರೋಗಿ ಜೊತೆ ಹೇಗೆ ನಡ್ಕೋತಾರೆ, ಏನ್ ಭಾವನೆ ತೋರಿಸ್ತಾರೆ ಅನ್ನೋದು. ಹೆಸ್ರು ಕೇಳಿದ್ರೆ ಏನೋ ಒಳ್ಳೇದು ಅನ್ಸತ್ತೆ, ಅಲ್ಲ. 1950ರ ದಶಕದಲ್ಲಿ ಲಂಡನ್ನಲ್ಲಿ ಜಾರ್ಜ್ ಬ್ರೌನ್ ಅನ್ನೋ ಸಂಶೋಧಕ ಮತ್ತೆ ಜೊತೆಯವ್ರು ಮಾನಸಿಕ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಗಂಡಸರನ್ನ ಫಾಲೋ ಮಾಡಿದ್ರು, ವಿಚಿತ್ರ ಅಂದ್ರೆ ಅಪ್ಪ ಅಮ್ಮನ ಹತ್ರಾನೋ ಹೆಂಡ್ತಿ ಹತ್ರಾನೋ ಹೋದವ್ರಿಗಿಂತ ಬಾಡಿಗೆ ರೂಮಲ್ಲಿ ಇದ್ದವ್ರು, ಅಣ್ಣ ತಮ್ಮಂದಿರ ಮನೇಲಿ ಇದ್ದವ್ರು ಚೆನ್ನಾಗಿದ್ರು. ಮುಂದೆ ಅದನ್ನ ಬಿಡಿಸಿ ನೋಡಿದಾಗ ಮುಖ್ಯವಾಗಿ ಮೂರು ವಿಷ್ಯ ಸಿಕ್ತು, ಟೀಕೆ, ದ್ವೇಷ, ಅತಿಯಾದ ಕಾಳಜಿ. ಟೀಕೆ ಅಂದ್ರೆ ನಮ್ಮ ಚಿಕ್ಕಪ್ಪ. ಅತಿಯಾದ ಕಾಳಜಿ ಅಂದ್ರೆ 24 ವರ್ಷದ ಮಗನಿಗೆ ಅಮ್ಮ ಅನ್ನ ಕಲಸಿ ಬಾಯಿಗಿಡೋದು, ಅವನನ್ನ ಬಿಟ್ಟು ಒಂದ್ ಮದುವೆಗೂ ಹೋಗ್ದೇ ಇರೋದು. ಇಂಥ ಮನೇಲಿ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಮುಖಾಮುಖಿ ಇದ್ರೆ ರಿಲ್ಯಾಪ್ಸ್ (ಕಾಯಿಲೆ ಮರುಕಳಿಸೋ) ರಿಸ್ಕ್ ಹೆಚ್ಚು, ಈ 35 ನೆನಪಿಟ್ಕೊಳ್ಳಿ. ಆದ್ರೆ ಹಿಂದೆ ಚಂಡೀಗಢದಲ್ಲಿ ನೋಡಿದಾಗ ಇಲ್ಲಿನ ಮನೆಯವ್ರಲ್ಲಿ ಟೀಕೆ ಲಂಡನ್ನಿನವ್ರಿಗಿಂತ ಕಮ್ಮಿ ಕಂಡಿತ್ತು, ಅದನ್ನೂ ಬರೀರಿ, ಇಲ್ಲಾಂದ್ರೆ ಮನೆಯವ್ರೇ ಕಾಯಿಲೆ ತರಿಸಿದ್ರು ಅನ್ನೋ ಹಾಗೆ ಓದ್ಕೊಳತ್ತೆ. ಅದು ತಪ್ಪು, ಆ ತಾಯಿಗೂ ಸುಸ್ತಾಗಿದೆ, ಅವ್ರನ್ನ ಮಾತಾಡ್ಸೋದೂ ನಮ್ ಕೆಲ್ಸಾನೇ.

ಹಿಸ್ಟರಿ ಜಾಸ್ತಿ ಬೇಡ. 1936ರಲ್ಲಿ ಮುಂಬೈನಲ್ಲಿ ಸೋಶಿಯಲ್ ವರ್ಕ್ ಕಲಿಸೋ ಟಾಟಾ ಸ್ಕೂಲ್ ಶುರುವಾಯ್ತು, 1937ರಲ್ಲಿ ಅದ್ರ ಚೈಲ್ಡ್ ಗೈಡೆನ್ಸ್ ಕ್ಲಿನಿಕ್. 1950ರ ದಶಕದಲ್ಲಿ ಅಮೃತಸರದಲ್ಲಿ ಸೈಕಿಯಾಟ್ರಿಸ್ಟ್ ಡಾ. ವಿದ್ಯಾಸಾಗರ್ ಮಾನಸಿಕ ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ಮನೆಯವ್ರನ್ನ ಜೊತೆಗೆ ಇರಿಸ್ಕೊಂಡ್ರು. ಬೆಂಗಳೂರಲ್ಲಿ ಮೆಂಟಲ್ ಹಾಸ್ಪಿಟಲ್ಲು ಮತ್ತೆ 1954ರ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು. ಸಾಕು.

ಕಾನೂನು ಮಾತ್ರ ಬಿಡ್ಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅಂದ್ರೆ ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಮಾಸ್ಟರ್ಸ್) ಮೇಲೆ ಇದೇ ವಿಷಯದಲ್ಲಿ ಎರಡು ವರ್ಷದ ಫುಲ್‌ಟೈಮ್ ಎಂಫಿಲ್ ಆಗಿರ್ಬೇಕು, ಎಂಎಸ್‌ಡಬ್ಲ್ಯೂ ಒಂದೇ ಸಾಲಲ್ಲ. ಇನ್ನೊಂದು ಎಲ್ರೂ ಎಡವೋ ಜಾಗ, ನಾಮಿನೇಟೆಡ್ ರೆಪ್ರೆಸೆಂಟೇಟಿವ್. ಇದು ಗಾರ್ಡಿಯನ್ ಅಲ್ಲ, ಚಿಕಿತ್ಸೆ ತೀರ್ಮಾನಗಳಲ್ಲಿ ಬೆಂಬಲಕ್ಕೆ ಅಂತ ರೋಗೀನೇ ಆರಿಸ್ಕೊಳ್ಳೋ ಮನುಷ್ಯ, ಸಂಬಂಧಿಕನೇ ಆಗ್ಬೇಕು ಅಂತೇನಿಲ್ಲ, ಫ್ರೆಂಡ್ ಆದ್ರೂ ನಡಿಯತ್ತೆ. ಸೆಕ್ಷನ್ 98 ಡಿಸ್ಚಾರ್ಜ್ ಪ್ಲಾನಿಂಗ್, ಅಂದ್ರೆ ಮೇಲಿನ ಕೇಸಲ್ಲಿ ಹೇಳಿದ್ದೆಲ್ಲ ನಾವು ಉಪಕಾರ ಮಾಡ್ತಿರೋದಲ್ಲ, ಆಸ್ಪತ್ರೆ ಮಾಡ್ಲೇಬೇಕಾದ್ದು.

2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧದಲ್ಲಿ ಮಾನಸಿಕ ಕಾಯಿಲೇನೂ ಇದೆ. ಕಾಯಿಲೆಯಿಂದ ಎಷ್ಟು ಅಂಗವೈಕಲ್ಯ ಆಗಿದೆ ಅಂತ ಐಡಿಯಾಸ್ ಅನ್ನೋ ಸ್ಕೇಲಲ್ಲಿ ಅಳೀತಾರೆ, ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತೆ ತಿಳುವಳಿಕೆ, ಕೆಲಸ, ಆಮೇಲೆ ಕಾಯಿಲೆ ಎಷ್ಟು ವರ್ಷದ್ದು ಅನ್ನೋದು. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಬೆಂಚ್‌ಮಾರ್ಕ್ ಅಂಗವೈಕಲ್ಯ. "ಸ್ನಾನ ಮಾಡ್ತಾನಾ" ಅಂತ ಕೇಳಿದ್ರೆ ಮರ್ಯಾದೆಗೆ "ಹೂಂ ಸಾರ್" ಅಂತಾರೆ, ಯಾರೂ ಹೇಳ್ದೇನೇ ಮಾಡ್ತಾನಾ ಅಂತ ಕೇಳಿ, ಆಗ ನಿಜ ಬರತ್ತೆ. ಮತ್ತೆ ನಿರಾಮಯ ಅನ್ನೋ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಮಾನಸಿಕ ಕಾಯಿಲೆಗೆ ಬರಲ್ಲ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹು ಅಂಗವೈಕಲ್ಯಕ್ಕೆ ಮಾತ್ರ. ಸುಮಾರು ಜನ ಉತ್ತರದಲ್ಲಿ ಇದನ್ನ ತುರುಕ್ತಾರೆ.

ನಂಗೆ ತುಂಬಾ ಇಷ್ಟದ ಭಾಗ ರೋಗಿಗಳ ಮನೆಯವ್ರನ್ನ ಹುಡುಕೋದು. ಬೀದೀಲಿ ಅಲೀತಿರೋರನ್ನ ಪೊಲೀಸ್ರು ಕರ್ಕೊಂಬಂದು ಬಿಡ್ತಾರೆ, ಹೆಸ್ರೂ ಗೊತ್ತಿರಲ್ಲ ಊರೂ ಗೊತ್ತಿರಲ್ಲ. ಅಲ್ಲಿ ಕಿವಿ ಬೇಕು. "ಹೊಂಟೀನಿ, ಮಾಡಾಕತ್ತೀನಿ" ಅಂದ್ರೆ ಉತ್ತರ ಕರ್ನಾಟಕ, ಅದು ಮೊದಲ್ನೇ ಸುಳಿವು. ಊರ ಹೆಸ್ರು ಕೇಳಿದ್ರೆ ಸುಮ್ನಿರೋರು ಊರ ಜಾತ್ರೆ ಬಗ್ಗೆ ಕೇಳಿದ್ರೆ ದೇವ್ರ ಹೆಸ್ರು ಹೇಳ್ಬಿಡ್ತಾರೆ, ಸ್ಕೂಲು ಎಲ್ಲಿ ಅಂದ್ರೆ ಮೇಷ್ಟ್ರ ಹೆಸ್ರು. ಅದನ್ನ ಹಿಡ್ಕೊಂಡು ಆ ಕಡೆ ಸ್ಟೇಷನ್‌ಗೆ, ಪಂಚಾಯ್ತಿಗೆ ಫೋನ್ ಮೇಲೆ ಫೋನ್. ಮನೆ ಸಿಕ್ಕಿದ್ರೂ ಅವ್ರು "ನಮಗೆ ಬೇಡ" ಅಂದ್ರೆ ಮತ್ತೆ ಮೊದ್ಲಿಂದ.

ಪ್ರಾಕ್ಟಿಕಲ್‌ಗೆ ಒಂದ್ ಮಾತು: ಜೆನೋಗ್ರಾಂ (ಮನೆಯವ್ರ ಸಂಬಂಧ ತೋರ್ಸೋ ಚಿತ್ರ) ಬರೀವಾಗ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಅಷ್ಟು ಎಲ್ರಿಗೂ ಗೊತ್ತು, ಆದ್ರೆ ಮೊದ್ಲ ದಿನ ಪೆನ್ಸಿಲಲ್ಲೇ ಹಾಕಿ. ಎರಡನೇ ಸಲ ಮಾತಾಡ್ಸಿದಾಗ ಯಾರೂ ಹೇಳ್ದೇ ಇದ್ದ ಒಬ್ಬ ಅಣ್ಣ ಬಂದೇ ಬರ್ತಾನೆ.