ಕಾರಿನ ಜೊತೆ ಕಂಪನಿಯೂ ಮನೆಗೆ ಬರುತ್ತದೆ

ಕಳೆದ ತಿಂಗಳು ಕೋಲಾರದ ಟೊಮೆಟೊ ಮಂಡಿಯ ಯಜಮಾನರೊಬ್ಬರು ಮಗಳನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದರು. ನಾನು ವಾಹನ ವಿಮೆಯ ಸರ್ವೇಯರ್. ಅವರ ಲಾರಿಗಳು ಗುದ್ದಿಸಿಕೊಂಡಾಗೆಲ್ಲ ಸರ್ವೆಗೆ ಹೋಗಿ ಹೋಗಿ ಪರಿಚಯ ಆದವರು. ಗಾಡಿ ವಿಷಯ ಏನೇ ಇದ್ದರೂ ಒಂದು ಮಾತು ಕೇಳಿಕೊಂಡು ಹೋಗುವುದು ಅವರ ರೂಢಿ.

"ಸಾರ್, ಕರೆಂಟ್ ಕಾರು ತಗೊಳ್ಳೋಣ ಅಂತಿದೀನಿ. ಟೆಸ್ಲಾ ಮೇಲೆ ಮನಸ್ಸಿದೆ. ಇವಳು ಬೇಡ್ವೇ ಬೇಡ ಅಂತಾಳೆ."

ಮಗಳು ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದಾಳೆ. "ಕಾರು ಚೆನ್ನಾಗಿಲ್ಲ ಅಂತ ಅಲ್ಲ ಅಂಕಲ್. ಆ ಮನುಷ್ಯನಿಗೆ ನಮ್ಮನೆ ದುಡ್ಡು ಹೋಗೋದು ನಂಗಿಷ್ಟ ಇಲ್ಲ" ಅಂದಳು.

ಈ ಥರದ ಜಗಳ ಈಗ ತುಂಬಾ ಮನೆಗಳಲ್ಲಿ ನಡೀತಿದೆ. ಟೆಸ್ಲಾ ಅಂತಲೇ ಅಲ್ಲ. ಚೀನಾದ ಬಿವೈಡಿ ತಗೋಬಹುದಾ, ತಗೋಬಾರದಾ ಅಂತ ಕೇಳುವವರೂ ಬರುತ್ತಾರೆ. ಅವತ್ತು ಅಪ್ಪ ಮಗಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಮಗಳ ಮಾತು. ಅದನ್ನು ಹುಡುಗಾಟ ಅಂತ ತಳ್ಳಿಹಾಕುವ ಹಾಗಿಲ್ಲ. ಅವಳು ಹೇಳಿದ ಆ ಮನುಷ್ಯ ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್. ಅವರು 2022ರಲ್ಲಿ ಟ್ವಿಟರ್ ಕೊಂಡರು. 2024ರ ಅಮೆರಿಕ ಚುನಾವಣೆಯಲ್ಲಿ ಟ್ರಂಪ್ ಪರ ನಿಂತರು. 2025ರ ಮೊದಲ ತಿಂಗಳುಗಳಲ್ಲಿ ಅಲ್ಲಿನ ಸರ್ಕಾರದ ಖರ್ಚು, ನೌಕರಿ ಕಡಿತದ ಕೆಲಸಕ್ಕೆ ಮುಂದಾಳಾದರು. ಆಗ ಅಮೆರಿಕ, ಯೂರೋಪಿನ ಟೆಸ್ಲಾ ಶೋರೂಮುಗಳ ಮುಂದೆ ಜನ ಬೋರ್ಡ್ ಹಿಡಿದು ನಿಂತರು. ಈ ಮನುಷ್ಯ ಹೀಗೆ ಅಂತ ಗೊತ್ತಾಗುವ ಮೊದಲೇ ಕೊಂಡ ಕಾರಿದು ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡಿದ ಮಾಲೀಕರೂ ಇದ್ದರು. 2025ರ ನವೆಂಬರ್‌ನಲ್ಲಿ ಷೇರುದಾರರು ಅವರಿಗೆ ಸುಮಾರು 1 ಲಕ್ಷ ಕೋಟಿ ಡಾಲರ್‌ವರೆಗೂ ಬೆಳೆಯಬಹುದಾದ ಸಂಭಾವನೆಗೆ ಒಪ್ಪಿಗೆ ಕೊಟ್ಟರು. ಅಂದರೆ ಕಂಪನಿ ಬೆಳೆದಷ್ಟೂ ಆ ವ್ಯಕ್ತಿ ಬೆಳೆಯುತ್ತಾರೆ. ನಮ್ಮ ದುಡ್ಡು ಅವರಿಗೆ ಹೋಗುತ್ತದೆ ಅನ್ನುವ ಮಾತು ಸುಳ್ಳಲ್ಲ.

ಇದು ಅವಳ ಮನಸ್ಸಾಕ್ಷಿಯ ಲೆಕ್ಕ. ಅದಕ್ಕೆ ನನ್ನ ಸರ್ವೆ ರಿಪೋರ್ಟಿನಲ್ಲಿ ಕಾಲಂ ಇಲ್ಲ, ಆದರೆ ಲೆಕ್ಕ ಇದ್ದೇ ಇದೆ. ಹತ್ತು ವರ್ಷ ಮನೆ ಮುಂದೆ ನಿಲ್ಲುವ ವಸ್ತು. ಬೆಳಗ್ಗೆ ಎದ್ದು ನೋಡಿದಾಗ ಮನೆಯಲ್ಲಿ ಒಬ್ಬರ ಮುಖ ಸಪ್ಪಗಾಗುವುದಾದರೆ ಅದೂ ಆ ಕಾರಿನ ಬೆಲೆಯಲ್ಲೇ ಸೇರಿತು.

ಅಪ್ಪನದು ಬೇರೆ ಪಟ್ಟು. "ಹಾಗಂತ ಚೀನಾ ಗಾಡಿ ತಗೊಳ್ಳೋಕಾಗುತ್ತಾ ಸಾರ್?" ಅಂದರು. ಅವರಿಗೆ ಒಂದು ವಿಷಯ ಹೇಳಬೇಕಾಯಿತು. ಟೆಸ್ಲಾ ಭಾರತದಲ್ಲಿ ಮೊದಲ ಶೋರೂಮ್ ತೆರೆದದ್ದು 2025ರ ಜುಲೈ 15ರಂದು, ಮುಂಬೈನಲ್ಲಿ. ಸುಮಾರು 60 ಲಕ್ಷದಿಂದ ಮಾರಾಟಕ್ಕಿಟ್ಟ ಆ ಮಾಡೆಲ್ ವೈ ಕಾರುಗಳು ಹಡಗು ಹತ್ತಿ ಬಂದದ್ದು ಚೀನಾದ ಶಾಂಘೈ ಕಾರ್ಖಾನೆಯಿಂದ. ನಮ್ಮ ದೇಶದ ಕಂಪನಿ ಕಾರು ತಗೊಂಡರೂ ಬ್ಯಾಟರಿಯ ಸೆಲ್ಲು, ಮೋಟರಿನ ಮ್ಯಾಗ್ನೆಟ್ಟು ಬಹುಪಾಲು ಅಲ್ಲಿಂದಲೇ. 2025ರ ಏಪ್ರಿಲ್‌ನಲ್ಲಿ ಚೀನಾ ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮವರೂ ಒದ್ದಾಡಿದರು. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಾಗಾದರೆ ಎಲ್ಲರೂ ಒಂದೇ, ಯಾವುದನ್ನಾದರೂ ತಗೊಳ್ಳಿ ಅಂತೀನಾ? ಇಲ್ಲ. ಕಂಪನಿ ತಪ್ಪು ಮಾಡಿತಾ ಅನ್ನುವುದರ ಜೊತೆಗೆ ಇನ್ನೊಂದನ್ನೂ ನೋಡಬೇಕು. ತಪ್ಪು ಬಯಲಾದ ಮೇಲೆ ಏನು ಮಾಡಿತು?

ಇದನ್ನು ನಮಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ನರಸಾಪುರ ಇಲ್ಲೇ ಇದೆ. 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಕೊಡುತ್ತಿಲ್ಲ ಅಂತ ಕಾರ್ಮಿಕರು ಸಿಟ್ಟಿಗೆದ್ದು ಗಾಜು ಪುಡಿಪುಡಿ ಮಾಡಿದ್ದು ನಮ್ಮ ಜಿಲ್ಲೆಯವರು ಮರೆತಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಎಲ್ಲ ಸರಿಯಾಗುವ ತನಕ ಹೊಸ ಆರ್ಡರ್ ಇಲ್ಲ ಅಂತ ಆ್ಯಪಲ್ ಹೇಳಿತು. 2023ರಲ್ಲಿ ಕಾರ್ಖಾನೆ ಟಾಟಾ ಕೈಗೆ ಹೋಯಿತು. ಗಲಾಟೆ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ತಪ್ಪು ಒಪ್ಪಿಕೊಂಡದ್ದು, ಹೊಣೆ ಯಾರದ್ದು ಅಂತ ತೋರಿಸಿದ್ದು ನನ್ನ ಲೆಕ್ಕದಲ್ಲಿ ಬರುತ್ತದೆ.

ಬಿವೈಡಿಯನ್ನೂ ಹಾಗೇ ನೋಡಿ. 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನಲ್ಲಿ ಅವರ ಕಾರ್ಖಾನೆ ಕಟ್ಟುತ್ತಿದ್ದ ಜಾಗದಲ್ಲಿ 163 ಚೀನೀ ಕಾರ್ಮಿಕರು ಜೀತದಂಥ ಸ್ಥಿತಿಯಲ್ಲಿದ್ದಾರೆ ಅಂತ ಅಲ್ಲಿನ ಅಧಿಕಾರಿಗಳು ಹೇಳಿದರು. ಬಿವೈಡಿ ಆ ಗುತ್ತಿಗೆದಾರನ ಜೊತೆ ಒಪ್ಪಂದ ಮುರಿಯಿತು. ಗುತ್ತಿಗೆದಾರ ಆರೋಪ ಒಪ್ಪಲಿಲ್ಲ. ಎರಡನ್ನೂ ಓದಿ, ತೂಗಿ ನೋಡಿ.

ನನ್ನ ಕಣ್ಣಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕೊಂಡವರಿಗೇ ಸುಳ್ಳು ಹೇಳುವುದು. 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರ್ ಇಟ್ಟಿತ್ತು. ಮಾಲೀಕನ ಬೀದಿ ಭಾಷಣ ಕಾರಿನೊಳಗೆ ಬರುವುದಿಲ್ಲ. ಈ ಸುಳ್ಳು ಕಾರಿನೊಳಗೇ ಕೂತು ಬಂದಿತ್ತು.

ಈಗ ನನ್ನ ಕಸುಬಿಗೆ ಬರುತ್ತೇನೆ. ಪೆಟ್ರೋಲ್ ಕಾರಿನಲ್ಲಿ ಶೋರೂಮ್ ಬಾಗಿಲು ದಾಟಿದ ಮೇಲೆ ಕಂಪನಿಯನ್ನು ಮರೆಯಬಹುದಿತ್ತು. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡುವುದನ್ನು ಬಿಡುತ್ತೇನೆ ಅಂದಿತು. ಆದರೂ ಅವರ ಬೀಟು, ಫಿಗೊ ಕಾರುಗಳು ಇವತ್ತಿಗೂ ನಮ್ಮೂರಲ್ಲಿ ಓಡಾಡುತ್ತಿವೆ. ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಬಾನೆಟ್ ಎತ್ತಿ, ಶಬ್ದ ಕೇಳಿ, ಏನಾಗಿದೆ ಅಂತ ಹೇಳಬಲ್ಲ.

ಎಲೆಕ್ಟ್ರಿಕ್ ಕಾರು ಹಾಗಲ್ಲ. ಅಮೆರಿಕದ ಫಿಸ್ಕರ್ ಕಂಪನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹೊಚ್ಚ ಹೊಸ ಕಾರು ಇಟ್ಟುಕೊಂಡವರು ಸಾಫ್ಟ್‌ವೇರಿಗೆ, ಬಿಡಿಭಾಗಕ್ಕೆ ಪರದಾಡಿದರು. ಕೊನೆಗೆ ಮಾಲೀಕರೇ ಸಂಘ ಕಟ್ಟಿಕೊಂಡರು. ಇನ್ನೊಂದು ಮುಖವೂ ಇದೆ. 2023ರ ಡಿಸೆಂಬರ್‌ನಲ್ಲಿ ಟೆಸ್ಲಾ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳ ಆಟೋಪೈಲಟ್ ಅನ್ನುವ, ಚಾಲಕನಿಗೆ ನೆರವಾಗುವ ವ್ಯವಸ್ಥೆಯನ್ನು ತಿದ್ದಬೇಕಾಯಿತು. ಅದನ್ನು ಸಾಫ್ಟ್‌ವೇರ್ ಕಳಿಸಿಯೇ ಮಾಡಿದರು. ಮನೆಯಲ್ಲಿ ನಿಂತಿದ್ದ ಕಾರಿನ ನಡತೆ ಅಲ್ಲೇ ಬದಲಾಯಿತು, ಗ್ಯಾರೇಜಿಗೆ ಹೋಗಬೇಕಾಗಲಿಲ್ಲ. ಅನುಕೂಲ ಹೌದು. ಆದರೆ ಕಾರು ಕೊಂಡ ಮೇಲೂ ಅದರ ಮೇಲೆ ಕಂಪನಿಯ ಕೈ ಇದ್ದೇ ಇರುತ್ತದೆ ಅಂತಲೂ ಅರ್ಥ. ಹಾಗಾಗಿ ಕಂಪನಿ ಎಂಥದ್ದು ಅನ್ನುವ ಪ್ರಶ್ನೆ ಬರೀ ಮನಸ್ಸಾಕ್ಷಿಯದ್ದಾಗಿ ಉಳಿದಿಲ್ಲ, ಗಾಡಿಯದ್ದೂ ಆಗಿದೆ.

ನಾನೇ ನೋಡಿದ್ದು ಒಂದು ಹೇಳುತ್ತೇನೆ. ಕಂಪನಿ ಹೆಸರು ಬೇಡ. ಶ್ರೀನಿವಾಸಪುರದ ಕಡೆ ಮಾವಿನ ತೋಟಕ್ಕೆ ಹೋಗುವ ಮಣ್ಣಿನ ದಾರಿ. ಟ್ರ್ಯಾಕ್ಟರ್ ಚಕ್ರ ಓಡಾಡಿ ಎರಡೂ ಕಡೆ ಹಳ್ಳ ಬಿದ್ದು, ನಡುವೆ ದಿಬ್ಬ ಉಳಿದಿತ್ತು. ದಿಬ್ಬದಲ್ಲಿ ಹೂತಿದ್ದ ಕಲ್ಲು ಕಾರಿನ ಹೊಟ್ಟೆಗೆ ಟಣ್ ಅಂತ ತಾಗಿದೆ. ಗಾಡಿ ನಿಲ್ಲಲಿಲ್ಲ. ಎರಡು ದಿನ ಆದ ಮೇಲೆ ಸ್ಕ್ರೀನಿನಲ್ಲಿ ಎಚ್ಚರಿಕೆ ಬಂತು, ಆಮೇಲೆ ಚಾರ್ಜ್ ಹಿಡಿಯಲಿಲ್ಲ.

ಲಿಫ್ಟ್ ಮೇಲೆ ಎತ್ತಿಸಿ ಟಾರ್ಚ್ ಹಿಡಿದು ಕೆಳಗೆ ನಿಂತೆ. ಬ್ಯಾಟರಿ ಪೆಟ್ಟಿಗೆಯ ಅಲ್ಯೂಮಿನಿಯಂ ತಳದಲ್ಲಿ ಅಂಗೈ ಅಗಲದ ತಗ್ಗು. ಬೆರಳಾಡಿಸಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಕೆಂಪು ಮಣ್ಣು ಅದರೊಳಗೆ ಗೆರೆ ಎಳೆದ ಹಾಗೆ ಕೂತಿತ್ತು. ಪೆಟ್ರೋಲ್ ಕಾರಾಗಿದ್ದರೆ ಆಯಿಲ್ ಚೇಂಬರ್ ಬದಲಾಯಿಸಿ ಒಂದೆರಡು ದಿನದಲ್ಲಿ ಕಳಿಸುತ್ತಿದ್ದರು. ಇಲ್ಲಿ ಒಳಗಿನ ಸೆಲ್ಲುಗಳಿಗೆ ಪೆಟ್ಟಾಗಿದೆಯಾ ಅಂತ ಹೇಳಬೇಕಾದರೆ ಕಂಪನಿಯ ಕಂಪ್ಯೂಟರೇ ಓದಬೇಕು. ರಿಪೋರ್ಟ್ ಕೊಡಿ ಅಂತ ಬರೆದೆ. ಆರು ವಾರ ಆಯಿತು. ಬಂದ ಉತ್ತರ ಒಂದೇ ಸಾಲು: ಪೆಟ್ಟಿಗೆ ಮಾತ್ರ ಬದಲಾಯಿಸುವ ಪದ್ಧತಿ ಇಲ್ಲ, ಇಡೀ ಪ್ಯಾಕ್ ಹಾಕಬೇಕು. ಎಸ್ಟಿಮೇಟು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಬರೆದ ಬೆಲೆಯ, ಅರ್ಧ ದಾಟಿತ್ತು. ಪ್ಯಾಕ್ ಬರುವುದು ಇನ್ನೂ ತಡ. ನಾಲ್ಕು ತಿಂಗಳು ಕಾರು ವರ್ಕ್‌ಶಾಪಿನಲ್ಲಿ ಧೂಳು ತಿಂದಿತು. ಅಷ್ಟೂ ತಿಂಗಳು ಆ ರೈತ ಕಂತು ಕಟ್ಟಿದ. ಪ್ರತಿ ಸಲ ಫೋನ್ ಮಾಡಿದಾಗಲೂ "ನನ್ನ ತಪ್ಪೇನು ಸಾರ್?" ಅಂತ ಕೇಳುತ್ತಿದ್ದ. ಆ ಕಂಪನಿಯ ಮಾಲೀಕರ ಬಗ್ಗೆ ಪೇಪರಿನಲ್ಲಿ ಒಂದು ಕೆಟ್ಟ ಸುದ್ದಿಯೂ ಬಂದಿರಲಿಲ್ಲ.

ಅದಕ್ಕೇ ಹೇಳುವುದು, ವಿವಾದ ಇಲ್ಲದ ಕಂಪನಿ ಅಂದ ಕೂಡಲೇ ಒಳ್ಳೆ ಕಂಪನಿ ಅಂದುಕೊಳ್ಳಬೇಡಿ. ಗದ್ದಲ ಇರುವ ಕಡೆ ಕನಿಷ್ಠ ಎಲ್ಲರ ಕಣ್ಣೂ ಇರುತ್ತದೆ.

ನಮ್ಮೂರಿಗೆ ಸಂಬಂಧಪಟ್ಟ ಇನ್ನೊಂದು ಮಾತು. ಮಗಳು ಕಾನೂನು ಓದುವವಳು, ತಕ್ಷಣ ಹಿಡಿದಳು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವಿರುವ ಊರಲ್ಲೇ ದೂರು ಕೊಡಬಹುದು. ಆದರೆ ಜಿಲ್ಲಾ ಆಯೋಗ ನೋಡುವುದು ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಮಾತ್ರ. 25 ಲಕ್ಷದ ಕಾರಿಗೆ ಕೋಲಾರದಲ್ಲೇ ಕೇಸ್ ಹಾಕಬಹುದು. 60 ಲಕ್ಷದ ಕಾರಾದರೆ ಬೆಂಗಳೂರಿನ ರಾಜ್ಯ ಆಯೋಗಕ್ಕೇ ಅಲೆಯಬೇಕು. ರಸ್ತೆ ತೆರಿಗೆಯೂ ಹಾಗೆ. 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ನಮ್ಮ ರಾಜ್ಯ 2024ರಲ್ಲೇ ಶೇ 10 ತೆರಿಗೆ ಹಾಕಿದೆ.

ಚಾರ್ಜಿಂಗ್ ಬಗ್ಗೆ ಯಜಮಾನರು ಜಾಸ್ತಿ ಹೆದರಿದ್ದರು. ಅಷ್ಟು ಹೆದರಬೇಕಾಗಿಲ್ಲ. ಬೆಂಗಳೂರಿಗೆ ಹೋಗಿ ಬಂದರೆ ಸುಮಾರು 140 ಕಿಲೋಮೀಟರ್. ರಾತ್ರಿ ಮನೆಯಲ್ಲಿ ಹಾಕಿಟ್ಟರೆ ಸಾಕು. 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸುವ ಮೊದಲು ಬೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಸಿ, ಅರ್ಥಿಂಗ್ ಸರಿ ಮಾಡಿಸಿ.

ಕೊನೆಗೆ ಯಜಮಾನರು ನೇರವಾಗಿ ಕೇಳಿದರು. "ನೀವಾಗಿದ್ರೆ?"

ನಾನಾಗಿದ್ದರೆ ಇವತ್ತು ಕೋಲಾರದಲ್ಲಿ ಕೂತು ಟೆಸ್ಲಾ ಕೊಳ್ಳುತ್ತಿರಲಿಲ್ಲ ಅಂದೆ. ಕಾರು ಕೆಟ್ಟದ್ದು ಅಂತ ಅಲ್ಲ. ದೇಶದಲ್ಲಿ ಅವರ ಸರ್ವಿಸ್ ಜಾಗಗಳು ಇನ್ನೂ ಬೆರಳೆಣಿಕೆಯಷ್ಟು. ಬಿವೈಡಿ ವಿಷಯದಲ್ಲಿ ನನಗೆ ಇರುವ ಅಳುಕು ಬೇರೆ. ಹೈದರಾಬಾದಿನ ಮೇಘಾ ಇಂಜಿನಿಯರಿಂಗ್ ಜೊತೆ ಸೇರಿ ಇಲ್ಲೇ 100 ಕೋಟಿ ಡಾಲರ್ ಹೂಡುವ ಅವರ ಪ್ರಸ್ತಾಪವನ್ನು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎರಡು ದೇಶಗಳ ನಡುವೆ ಮಾತು ಕೆಟ್ಟರೆ ಬಿಡಿಭಾಗ ಬಂದರಿನಲ್ಲಿ ನಿಲ್ಲಬಹುದು. ಆದರೆ ಬೇರೆ ಹಲವು ಕಾರು ಬ್ಯಾಟರಿಗಳಲ್ಲಿ ಇರುವ ಕೋಬಾಲ್ಟ್ ಅನ್ನುವ ಖನಿಜ ಅವರ ಬ್ಲೇಡ್ ಬ್ಯಾಟರಿಯಲ್ಲಿ ಇಲ್ಲ ಅನ್ನುವುದನ್ನು ಮಗಳಿಗೆ ಹೇಳಿದೆ. ಜಗತ್ತಿನ ಬಹುಪಾಲು ಕೋಬಾಲ್ಟ್ ಬರುವುದು ಕಾಂಗೋದಿಂದ. ಅಲ್ಲಿ ಮಕ್ಕಳನ್ನು ಗಣಿಗೆ ಇಳಿಸುವ ಸುದ್ದಿ ಅವಳೂ ಓದಿದ್ದಳು. ನಾನು ಕೊಳ್ಳುವುದಾದರೆ ಅಂಥ ಬ್ಯಾಟರಿ ಇರುವ, ಬೆಂಗಳೂರು ದಾಟಿಸದೆ ಪ್ಯಾಕ್ ಬಿಚ್ಚಿ ನೋಡುವ ಜನ ಇರುವ ಕಂಪನಿಯ ಕಾರನ್ನೇ.

ಯಾವ ಶೋರೂಮಿಗೆ ಹೋದರೂ ಕಾಗದದಲ್ಲಿ ಉತ್ತರ ಕೇಳಿ ಅಂದೆ. ಬಾಯಿಮಾತು ಕ್ಲೈಮ್ ಹೊತ್ತಿಗೆ ನಿಲ್ಲುವುದಿಲ್ಲ. ಬ್ಯಾಟರಿ ಪೆಟ್ಟಿಗೆ ಮಾತ್ರ ಒಡೆದರೆ ಅದನ್ನಷ್ಟೇ ಬದಲಿಸುತ್ತೀರಾ? ಸೆಲ್ಲುಗಳ ಸ್ಥಿತಿಯ ರಿಪೋರ್ಟ್ ನಾನು ಕೇಳಿದಾಗ ಕೊಡುತ್ತೀರಾ, ಎಷ್ಟು ದಿನದಲ್ಲಿ? 8 ವರ್ಷ, 1.6 ಲಕ್ಷ ಕಿಲೋಮೀಟರ್ ವಾರಂಟಿ ಅಂತ ಬರೆದಿದ್ದೀರಿ. ಗಾಡಿ ಮಾರಿದರೆ ಮುಂದಿನವರಿಗೂ ಅದೇ ಇರುತ್ತಾ? ನೀವು ದೇಶ ಬಿಟ್ಟು ಹೋದರೆ ಆ ವಾರಂಟಿ ಯಾರ ಹೆಗಲಿಗೆ? ವಿಮೆಯವರನ್ನೂ ಬಿಡಬೇಡಿ. ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ಝೀರೋ ಡೆಪ್ ಜೊತೆ ಬ್ಯಾಟರಿಗೆ ಬೇರೆ ಆ್ಯಡ್-ಆನ್ ತಗೊಂಡು, ಅಡಿಭಾಗಕ್ಕೆ ಬಿದ್ದ ಪೆಟ್ಟು ಅದರಲ್ಲಿ ಸೇರಿದೆಯಾ ಅಂತ ಪಾಲಿಸಿ ಓದಿ.

ಮಗಳು ನನ್ನ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಒಂದೊಂದಾಗಿ ಬರೆದಳು. ಕೊನೆಗೆ ತನ್ನದೊಂದು ಸೇರಿಸಿದಳು: ಈ ಕಾರಿನ ಬ್ಯಾಟರಿಯ ಖನಿಜ ಎಲ್ಲಿಂದ ಬಂತು? ಅಪ್ಪ ಕನ್ನಡಕ ಹಾಕಿಕೊಂಡು ಹಾಳೆ ಪೂರ್ತಿ ಓದಿದರು.

"ಇನ್ನೊಂದು ಬರ್ಕೊಳಮ್ಮಾ" ಅಂದರು. "ಬೆಳಗಿನ ಜಾವ ನಾಲ್ಕು ಗಂಟೆಗೆ ಮುಳಬಾಗಿಲು ದಾಟಿ ಗಾಡಿ ನಿಂತ್ರೆ ಯಾರಿಗೆ ಫೋನ್ ಮಾಡ್ಬೇಕು? ಮಿಷನ್ನು ಮಾತಾಡೋ ನಂಬರ್ ಬೇಡ. ಮನುಷ್ಯರ ಹೆಸರು ಬರ್ಕೊಡೋಕೆ ಹೇಳು."