ಪೊಟ್ಟಣವನ್ನು ತಿರುಗಿಸಿ ನೋಡಿ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ರಾಯಚೂರಿನ ಬಿಸಿಲಿನಲ್ಲಿ ಅಕ್ಕಿ ಗಿರಣಿಯ ಯಜಮಾನರೊಬ್ಬರು ತರಕಾರಿ ಬುಟ್ಟಿಯಲ್ಲಿ ಬೆಕ್ಕನ್ನು ನನ್ನ ಪಶುಚಿಕಿತ್ಸಾಲಯಕ್ಕೆ ಹೊತ್ತು ತಂದರು. "ಸಾಹೇಬರೇ, ನಿನ್ನೆಯಿಂದ ಮಲಬದ್ಧತೆ. ಮರಳಿನ ತಟ್ಟೆಯಲ್ಲಿ ಕೂರುತ್ತದೆ, ತಿಣುಕುತ್ತದೆ, ಏನೂ ಬರುವುದಿಲ್ಲ" ಎಂದರು. ಹೊಟ್ಟೆ ಮುಟ್ಟಿ ನೋಡಿದೆ. ಮೂತ್ರಕೋಶ ನಿಂಬೆಹಣ್ಣಿಗಿಂತ ದಪ್ಪವಾಗಿ, ಕಲ್ಲಿನಂತೆ ಬಿಗಿದುಕೊಂಡಿತ್ತು. ಕಟ್ಟಿಕೊಂಡಿದ್ದು ಮಲವಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಲು ಸಪೂರ. ಹರಳು ಸೇರಿ ಮುಚ್ಚಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ನಳಿಕೆ ಹಾಕಿ, ಮೂರು ದಿನ ಡ್ರಿಪ್ ಕೊಟ್ಟ ಮೇಲೆ ಅದು ಬದುಕಿಕೊಂಡಿತು. ಮನೆಗೆ ಕಳಿಸುವಾಗ ಯಜಮಾನರು ಕೇಳಿದರು: "ಇನ್ನು ಮುಂದೆ ಯಾವ ಕಂಪನಿಯ ಬೆಕ್ಕಿನ ಆಹಾರ ಹಾಕಲಿ?"

ಇದೇ ಪ್ರಶ್ನೆ ದಿನಕ್ಕೆ ಎರಡು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಕಂಪನಿಯ ಮಾತು ಆಮೇಲೆ, ಮೊದಲು ಪೊಟ್ಟಣವನ್ನು ತಿರುಗಿಸಿ ನೋಡಿ ಎನ್ನುತ್ತೇನೆ. ಮುಂಭಾಗದಲ್ಲಿರುವುದು ಹೊಳೆಯುವ ಬೆಕ್ಕಿನ ಚಿತ್ರ ಮತ್ತು ಮೀನಿನ ಚಿತ್ರ. ಕಾಳುಗಳಿಗೆ ಹಾಕಿದ ಕೆಂಪು ಹಸಿರು ಬಣ್ಣ ಕೂಡ ನಮ್ಮ ಕಣ್ಣಿಗಾಗಿಯೇ. ಬೆಕ್ಕಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ.

ಹಿಂಬದಿಯ ಸಣ್ಣಕ್ಷರಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿಯಾದರೂ ಓದಬೇಕು. ಅಲ್ಲಿ ಮೊದಲು ಹುಡುಕಬೇಕಾದ ಪದ 'ಕಂಪ್ಲೀಟ್'. ಅಂದರೆ ಬೇರೇನೂ ಕೊಡದೆ ಅದೊಂದನ್ನೇ ಹಾಕಿದರೂ ಬೆಕ್ಕಿಗೆ ಬೇಕಾದದ್ದೆಲ್ಲ ಸಿಗುತ್ತದೆ ಎಂದು ತಯಾರಕರು ಒಪ್ಪಿಕೊಂಡಂತೆ. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಉಪ್ಪಿನಕಾಯಿ ಇದ್ದಂತೆ, ಊಟವಲ್ಲ. ಕೊಳವೆಯಿಂದ ಹಿಂಡಿ ನೆಕ್ಕಿಸುವ ತಿನಿಸುಗಳು ಹೆಚ್ಚಾಗಿ ಈ ಜಾತಿಗೆ ಸೇರಿದವು. ಅದರ ಪಕ್ಕದಲ್ಲೇ ಮರಿಗಳಿಗೋ ದೊಡ್ಡವಕ್ಕೋ ಎಂದು ಬರೆದಿರುತ್ತದೆ. ಒಂದು ವರ್ಷದವರೆಗೆ ಮರಿಯದ್ದನ್ನೇ ಕೊಡಿ.

ಎರಡನೆಯದು ಟಾರಿನ್ ಎಂಬ ಪೋಷಕಾಂಶ. ಇದನ್ನು ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸದಿಂದಲೇ ಬರಬೇಕು, ಇಲ್ಲವೇ ಬೆರೆಸಿರಬೇಕು. ಕೊರತೆಯಾದರೆ ಕಣ್ಣಿನ ರೆಟಿನಾ ಸವೆಯುತ್ತದೆ, ಹೃದಯದ ಗೋಡೆ ತೆಳುವಾಗಿ ಹಿಗ್ಗುತ್ತದೆ. 1987ರಲ್ಲಿ ಅಮೆರಿಕದ ಪಶುವೈದ್ಯರು ಈ ಹೃದಯರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿಕೊಟ್ಟರು. ಪೇಟೆಯ ಆಹಾರ ತಿನ್ನುತ್ತಿದ್ದ ಬೆಕ್ಕುಗಳಲ್ಲೇ ಅದು ಕಂಡಿತ್ತು. ಆ ಬಳಿಕ ಕಂಪನಿಗಳು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದವು. ನಾಯಿಯ ಆಹಾರವನ್ನೇ ಬೆಕ್ಕಿಗೂ ಹಾಕಿ ದುಡ್ಡು ಉಳಿಸುವವರಿಗೆ ನಾನು ಇದನ್ನು ಹೇಳುತ್ತೇನೆ. ನಾಯಿಯ ಪೊಟ್ಟಣದಲ್ಲಿ ಟಾರಿನ್ ಇರಲೇಬೇಕೆಂದೇನಿಲ್ಲ.

ನಮ್ಮ ಕಡೆ ಮಾಂಸ ಮುಟ್ಟದ ಮನೆಗಳಲ್ಲೂ ಬೆಕ್ಕುಗಳಿವೆ. "ಹಸಿರು ಚುಕ್ಕೆಯದು ಸಿಗುತ್ತದೆಯೇ ಸಾಹೇಬರೇ?" ಎಂದು ಅಳುಕಿನಿಂದಲೇ ಕೇಳುತ್ತಾರೆ. ನಾನು ಅದನ್ನು ಸಲಹೆ ಮಾಡುವುದಿಲ್ಲ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯ ಮೇಲೆ ಬದುಕುವ ಬೆಕ್ಕು ಗುಟ್ಟಾಗಿ ಹಿತ್ತಲಿನ ಇಲಿ, ಹಲ್ಲಿ ಹಿಡಿದು ಲೆಕ್ಕ ಸರಿ ಮಾಡಿಕೊಂಡಿರುತ್ತದೆ. ಬಾಗಿಲು ಮುಚ್ಚಿದ ಮನೆಯಲ್ಲಿ ಆ ದಾರಿಯೂ ಇಲ್ಲ. ಇಂಥವರಿಗೆ ಪೊಟ್ಟಣ ಒಂದು ಅನುಕೂಲವೇ ಸರಿ. ಅಡುಗೆಮನೆಗೆ ಮಾಂಸ ಬರುವುದಿಲ್ಲ, ಕಟ್ಟೆಯ ಮೇಲೆ ಬಿಚ್ಚಿ ಹಾಕಿದರಾಯಿತು. ಹಾಲಂತೂ ಬೇಡ, ಬಹುಪಾಲು ದೊಡ್ಡ ಬೆಕ್ಕುಗಳಿಗೆ ಅದು ಜೀರ್ಣವಾಗದು. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದು ಅದರ ಹೊಟ್ಟೆಗೆ ಒಳ್ಳೆಯದೇ ಆಯಿತೇನೋ!

ಗಿರಣಿಯ ಯಜಮಾನರು ಮರುವಾರ ಎರಡು ಪೊಟ್ಟಣ ತಂದು ಮೇಜಿನ ಮೇಲಿಟ್ಟರು. ಒಣ ಕಾಳಿನದರಲ್ಲಿ ಪ್ರೋಟೀನ್ 30 ಶೇಕಡಾ, ಗ್ರೇವಿಯದರಲ್ಲಿ 8. "ಎಂಟಕ್ಕೆ ಇಷ್ಟು ದುಡ್ಡೇ? ಇದು ಹಗಲು ದರೋಡೆ!" ಭತ್ತದ ತೇವ ನೋಡಿ ಬೆಲೆ ಕಟ್ಟುವವರಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ. ಗ್ರೇವಿಯಲ್ಲಿ 84 ಶೇಕಡಾ ನೀರು, ಉಳಿದ 16ರಲ್ಲಿ 8 ಪ್ರೋಟೀನ್, ಅಂದರೆ ಅರ್ಧಕ್ಕರ್ಧ. ಕಾಳಿನಲ್ಲಿ ನೀರು 10, ಉಳಿದ 90ರಲ್ಲಿ 30, ಅಂದರೆ ಮೂರನೆಯ ಒಂದು ಪಾಲು. ಇನ್ನೊಂದು ಲೆಕ್ಕವೂ ಉಂಟು. ಕಾಳಿನ ಪೊಟ್ಟಣದ ಮೇಲಿನ ಪ್ರೋಟೀನ್ 30, ಕೊಬ್ಬು 10, ನಾರು 4, ತೇವಾಂಶ 10, ಇವಕ್ಕೆ ಬೂದಿಯ (ಎಂದರೆ ಖನಿಜಗಳ) ಅಂಶ 8 ಸೇರಿಸಿ ನೂರರಿಂದ ಕಳೆಯಿರಿ. ಸಿಗುವ 38 ಪಿಷ್ಟದ ಪಾಲು. ಅದನ್ನು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆಯುವುದಿಲ್ಲ. ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, "ನಮ್ಮ ಗಿರಣಿಯ ನುಚ್ಚೇ ಇದರೊಳಗೆ ಇದ್ದೀತು" ಎಂದು ನಕ್ಕರು.

ಹಾಗೆಂದು ಒಣ ಆಹಾರ ವಿಷವಲ್ಲ. ಅವರ ಬೆಕ್ಕಿಗೆ ಆದದ್ದಕ್ಕೆ ಅದೊಂದೇ ಕಾರಣವೂ ಅಲ್ಲ. ಮೈ ಬೆಳೆದಿತ್ತು, ಓಡಾಟವಿರಲಿಲ್ಲ. ಆದರೆ ನೀರಿನ ಲೆಕ್ಕವನ್ನು ನೋಡಿ. ಬೆಕ್ಕಿನ ಪೂರ್ವಜರು ಮರುಭೂಮಿಯ ಅಂಚಿನವರು, ಬೇಟೆಯ ಮೈಯಲ್ಲಿನ ನೀರನ್ನೇ ನೆಚ್ಚಿಕೊಂಡವರು. ಹಾಗಾಗಿ ಅದಕ್ಕೆ ಬಾಯಾರಿಕೆ ಕಡಿಮೆ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು. 60 ಗ್ರಾಂ ಒಣ ಕಾಳಿನಿಂದ ಬರುವುದು ಆರು ಮಿಲಿಲೀಟರ್. 80 ಗ್ರಾಂ ಗ್ರೇವಿಯಿಂದ 65ಕ್ಕೂ ಹೆಚ್ಚು. ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ 42 ಡಿಗ್ರಿಯಲ್ಲಿ ಬೇಯುವ ನಮ್ಮ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಪೂರ್ತಿ ಗ್ರೇವಿಯ ಮೇಲೆ ಸಾಕಲು ದಿನಕ್ಕೆ ಮೂರು ನಾಲ್ಕು ಪೊಟ್ಟಣ ಬೇಕು. ಎಲ್ಲರ ಜೇಬಿಗೂ ಅದು ಹಿಡಿಸದು. ದಿನಕ್ಕೆ ಒಂದು ಗ್ರೇವಿ, ಉಳಿದದ್ದು ಕಾಳು, ಮನೆಯ ಎರಡು ಮೂರು ಕಡೆ ಅಗಲ ಬಾಯಿಯ ಮಣ್ಣಿನ ಬೋಗುಣಿಯಲ್ಲಿ ನೀರು. ನಾನು ಹೆಚ್ಚಿನವರಿಗೆ ಹೇಳುವುದು ಇಷ್ಟೇ. ಯಜಮಾನರ ಬೆಕ್ಕಿಗೆ ಮಾತ್ರ ಕೆಲವು ವಾರ ಚಿಕಿತ್ಸಾ ಆಹಾರ ಬರೆದುಕೊಟ್ಟೆ. ಅದನ್ನು ಕೇಳಿಕೊಂಡು ಪಕ್ಕದ ಮನೆಯವರು ತಮ್ಮ ಆರೋಗ್ಯವಂತ ಮರಿಗೂ ತಂದು ಹಾಕಬಾರದು.

ಅಳತೆಯ ವಿಷಯದಲ್ಲಿ ಎಲ್ಲರೂ ಉದಾರಿಗಳು. "ಒಂದು ಹಿಡಿ ಹಾಕುತ್ತೇನೆ" ಎನ್ನುತ್ತಾರೆ. ಯಾರ ಹಿಡಿ? ಒಬ್ಬ ಅಕ್ಕನಿಗೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಲು ಹೇಳಿದೆ. ಅವರ ಒಂದು ಸ್ಟೀಲ್ ಲೋಟ 95 ಗ್ರಾಂ ಆಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ ಹಸಿವು ಹೆಚ್ಚು, ಬೇಕಾದ ಶಕ್ತಿ ಕಡಿಮೆ. ಅದಕ್ಕೆ ಆ ಲೋಟದ ಅರ್ಧ ಸಾಕು.

ದೊಡ್ಡ ಚೀಲ ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಕಿಲೋ ಲೆಕ್ಕಕ್ಕೆ ಮಾರುವುದನ್ನು ಕೊಳ್ಳಬೇಡಿ. ತಗಡಿನ ಮಾಡಿನ ಕೆಳಗೆ ಮೇ ತಿಂಗಳಿನಲ್ಲಿ ಅದರ ಕೊಬ್ಬು ಬೇಗ ಕಮಟುತ್ತದೆ, ತಯಾರಾದ ದಿನಾಂಕವೂ ತಿಳಿಯುವುದಿಲ್ಲ. ತಿಂಗಳೊಳಗೆ ಮುಗಿಯುವಷ್ಟು ಚಿಕ್ಕ ಪೊಟ್ಟಣ ತಂದು, ಅದರ ಬಾಯಿ ಮಡಿಚಿ, ಪೊಟ್ಟಣದ ಸಮೇತ ಸ್ಟೀಲ್ ಡಬ್ಬಿಯಲ್ಲಿಡಿ.

ಹೊಸ ಆಹಾರವನ್ನು ಒಂದೇ ದಿನ ಬದಲಿಸದೆ, ಹಳೆಯದರಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ ವಾರ ಹತ್ತು ದಿನ ತೆಗೆದುಕೊಳ್ಳಿ. "ಹಸಿದರೆ ತಾನೇ ತಿನ್ನುತ್ತದೆ" ಎಂಬ ಹಟ ನಾಯಿಯ ಮುಂದೆ ನಡೆದೀತು, ಬೆಕ್ಕಿನ ಮುಂದೆ ನಡೆಯದು. ಮೈತುಂಬಿದ ಬೆಕ್ಕು ಎರಡು ಮೂರು ದಿನ ಉಪವಾಸ ಕೂತರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಮೂಸಿ ನೋಡಿ ಒಂದು ಇಡೀ ದಿನ ಬಾಯಿಗಿಡದಿದ್ದರೆ ಹಳೆಯದನ್ನೇ ಹಾಕಿ. ಅದನ್ನೂ ಬಿಟ್ಟಿತೆಂದರೆ ಸಂಜೆಯೊಳಗೆ ಬುಟ್ಟಿಯಲ್ಲಿಟ್ಟುಕೊಂಡು ಬನ್ನಿ.